ಆವಿಯನ್ನು ಹಿಡಿದ ಎಂಜಿನಿಯರ್: ಸರ್ ಎಂ. ವಿಶ್ವೇಶ್ವರಯ್ಯ

ಹಬ್ಬ ಹರಿದಿನಗಳು ಬಂದರೆ ಹೈದರಾಬಾದಿನ ಕನ್ನಡಿಗರಾದ ನಾವು ಬೇಗಂ ಬಜಾರಿನ ಹಾದಿ ಹಿಡಿಯುತ್ತೇವೆ. ಒಣಹಣ್ಣು, ಮಸಾಲೆ, ತಾಮ್ರ ಹಿತ್ತಾಳೆಯ ಪಾತ್ರೆಗಳ ಈ ಸಗಟು ಪೇಟೆ ಮೂಸಿ ನದಿಗೆ ಹತ್ತಿರದಲ್ಲಿದೆ. 1908ರ ಸೆಪ್ಟೆಂಬರ್ 28ರಂದು ಆ ನದಿ ಉಕ್ಕಿ ಹರಿದಾಗ ಅಫ್ಜಲ್‌ಗಂಜ್, ಬೇಗಂ ಬಜಾರ್ ಸುತ್ತಲಿನ ಬಡಾವಣೆಗಳು ನೀರುಪಾಲಾಗಿ ಸಾವಿರಾರು ಜನ ಪ್ರಾಣ ಕಳೆದುಕೊಂಡರು. ಮತ್ತೆ ಅಂತಹ ಅನಾಹುತವಾಗದಂತೆ ಯೋಜನೆ ರೂಪಿಸಲು ನಿಜಾಮರ ಸರಕಾರ 1909ರಲ್ಲಿ ಕರೆಸಿಕೊಂಡದ್ದು ಮೋಕ್ಷಗುಂಡಂ ವಿಶ್ವೇಶ್ವರಯ್ಯನವರನ್ನು. ಉಸ್ಮಾನ್ ಸಾಗರ, ಹಿಮಾಯತ್ ಸಾಗರಗಳು ಅವರ ಸಲಹೆಯ ಫಲ. ನೀರನ್ನು ಕಟ್ಟಿ ನಿಲ್ಲಿಸಿದ ಈ ಮಹನೀಯರು ಆವಿಯನ್ನು ಹಿಡಿದು ನಾಡಿಗೆ ಸಂಪತ್ತು ತರಲು ಯತ್ನಿಸಿದ ಕಥೆ ಅಷ್ಟಾಗಿ ಪ್ರಚಾರದಲ್ಲಿಲ್ಲ.

1861ರ ಸೆಪ್ಟೆಂಬರ್ 15ರಂದು ಮುದ್ದೇನಹಳ್ಳಿಯಲ್ಲಿ ಜನಿಸಿದ ಅವರು ಪುಣೆಯಲ್ಲಿ ಎಂಜಿನಿಯರಿಂಗ್ ಕಲಿತು ಮುಂಬಯಿ ಸರಕಾರದ ಸೇವೆಗೆ ಸೇರಿದರು. ಹೈದರಾಬಾದಿನ ಕೆಲಸದ ನಂತರ 1909ರಲ್ಲಿ ಮೈಸೂರಿನ ಮುಖ್ಯ ಎಂಜಿನಿಯರ್ ಆದರು. 1912ರಿಂದ 1918ರವರೆಗೆ ದಿವಾನರಾಗಿದ್ದರು. 1913ರಲ್ಲಿ ಮೈಸೂರು ಬ್ಯಾಂಕ್ ಹುಟ್ಟಿದ್ದು ಅವರ ದಿವಾನಗಿರಿಯಲ್ಲೇ.

ಭಟ್ಟಿ ಎಂದೊಡನೆ ಮೂಗು ಮುರಿಯುವವರೇ ನಮ್ಮಲ್ಲಿ ಹೆಚ್ಚು. ಆದರೆ ಅದರ ತತ್ತ್ವ ಸರಳ. ಮದ್ಯಸಾರ ಸುಮಾರು 78 ಡಿಗ್ರಿಯಲ್ಲಿ, ನೀರು 100 ಡಿಗ್ರಿಯಲ್ಲಿ ಕುದಿಯುವುದರಿಂದ, ಹುದುಗಿದ ರಸವನ್ನು ಕಾಯಿಸಿ ಆವಿಯನ್ನು ತಣಿಸಿದರೆ ಸಾರವೇ ಹೆಚ್ಚಾಗಿ ಇಳಿಯುತ್ತದೆ. ತೆಲಂಗಾಣದ ಇಪ್ಪೆ ಹೂ, ಗೋವೆಯ ಗೇರುಹಣ್ಣು, ಕಬ್ಬಿನ ಕಾಕಂಬಿ, ಸ್ಕಾಟ್ಲೆಂಡಿನ ಬಾರ್ಲಿ ಒಂದೇ ವಿದ್ಯೆಗೆ ಒಳಪಟ್ಟರೂ ರುಚಿ ಬೇರೆಯಾಗುವುದು ಆವಿಯೊಡನೆ ಮೇಲೇರುವ ಸೂಕ್ಷ್ಮ ಅಂಶಗಳಿಂದ. ತಾಮ್ರದ ಹಂಡೆ ಗಂಧಕದ ದುರ್ವಾಸನೆಯನ್ನು ಹೀರಿಕೊಳ್ಳುತ್ತದೆ. ಘಾಟಿನ ಮೊದಲ ಹನಿಗಳನ್ನೂ ಜಿಡ್ಡಿನ ಕೊನೆಯ ಹನಿಗಳನ್ನೂ ಬೇರ್ಪಡಿಸಿ ನಡುವಣದ್ದನ್ನು ಉಳಿಸಿಕೊಳ್ಳುವುದು ಭಟ್ಟಿಯವನ ಜಾಣ್ಮೆ. ಮರದ ಪೀಪಾಯಿಯಲ್ಲಿ ವರ್ಷಗಟ್ಟಲೆ ಇಟ್ಟರೆ ಬಣ್ಣವೂ ಪರಿಮಳವೂ ಕೂಡುತ್ತವೆ.

ಇದೇ ವಿದ್ಯೆಯನ್ನು ದಿವಾನರು ಶ್ರೀಗಂಧಕ್ಕೆ ಅನ್ವಯಿಸಿದರು. ಅಲ್ಲಿಯವರೆಗೆ ಮೈಸೂರಿನ ಗಂಧದ ಮರ ಹರಾಜಾಗಿ ಯೂರೋಪಿಗೆ, ವಿಶೇಷವಾಗಿ ಜರ್ಮನಿಗೆ ಹೋಗುತ್ತಿತ್ತು. ಎಣ್ಣೆ ಇಳಿಸಿ ಲಾಭ ಪಡೆಯುವವರು ಅಲ್ಲಿನವರು. 1914ರಲ್ಲಿ ಮಹಾಯುದ್ಧ ಆರಂಭವಾಗಿ ವ್ಯಾಪಾರ ನಿಂತಾಗ, ಬೆಂಗಳೂರಿನ ಟಾಟಾ ವಿಜ್ಞಾನ ಸಂಸ್ಥೆಯ ಸಡ್‌ಬರೋ ಮತ್ತು ವಾಟ್ಸನ್ ಅವರ ನೆರವಿನಿಂದ 1916ರಲ್ಲಿ ಬೆಂಗಳೂರಿನಲ್ಲಿ, ಮರುವರ್ಷ ಮೈಸೂರಿನಲ್ಲಿ ಗಂಧದೆಣ್ಣೆಯ ಕಾರ್ಖಾನೆಗಳು ತಲೆಯೆತ್ತಿದವು. ಗಂಧದೆಣ್ಣೆ ತಾನಾಗಿ ಕುದಿಯಲು ಸುಮಾರು 300 ಡಿಗ್ರಿ ಶಾಖ ಬೇಕು. ನೀರಿನ ಹಬೆ ಹಾಯಿಸಿದರೆ 100 ಡಿಗ್ರಿಯ ಒಳಗೇ ಹಬೆಯೊಡನೆ ಹೊರಬರುತ್ತದೆ. ಅವಸರಪಟ್ಟರೆ ಪರಿಮಳ ಕೆಡುತ್ತದೆ. ಚೇಗಿನ ಪುಡಿಯ ಮೇಲೆ ಎರಡು ಮೂರು ದಿನ ಹಬೆ ಹಾಯುತ್ತಿರಬೇಕು. ಆ ಎಣ್ಣೆಯೇ ಮುಂದೆ ಮೈಸೂರು ಸ್ಯಾಂಡಲ್ ಸೋಪಿನ ಜೀವಾಳವಾಯಿತು.

ಭದ್ರಾವತಿಯ ಸಾಹಸ ಇನ್ನೂ ಕಠಿಣವಾದದ್ದು. ಮೈಸೂರಿನಲ್ಲಿ ಕಬ್ಬಿಣದ ಅದಿರಿತ್ತು, ಕಲ್ಲಿದ್ದಲಿರಲಿಲ್ಲ. ಆದ್ದರಿಂದ ಮಲೆನಾಡಿನ ಮರವನ್ನು ಗಾಳಿಯಾಡದಂತೆ ಮುಚ್ಚಿ ಕಾಯಿಸಿ ಇದ್ದಿಲು ಮಾಡುವ, ಹೊರಟ ಆವಿಯಿಂದ ಟಾರು, ಅಸಿಟೇಟು, ಮೆಥನಾಲ್ ಪಡೆಯುವ ಯೋಜನೆ ರೂಪುಗೊಂಡಿತು. ಈ ಮೆಥನಾಲ್ ಸಹ ಮದ್ಯಸಾರದ ಸೋದರನೇ. ಕಾರ್ಖಾನೆಗೆ ಉಪಯುಕ್ತ, ಕುಡಿದವನಿಗೆ ಕಣ್ಣು ಕಳೆಯುವ ವಿಷ. ಕಾರ್ಖಾನೆ ಆರಂಭವಾದದ್ದು 1923ರಲ್ಲಿ. ಅದೇ ವರ್ಷ ಜರ್ಮನಿಯಲ್ಲಿ ಮರವಿಲ್ಲದೆಯೇ ಮೆಥನಾಲ್ ತಯಾರಿಸುವ ವಿಧಾನ ಕಾರ್ಯರೂಪಕ್ಕೆ ಬಂದಿತು. ಕಬ್ಬಿಣದ ಬೆಲೆಯೂ ಕುಸಿಯಿತು. ನಷ್ಟದ ಲೆಕ್ಕ ಹಿಡಿದು ಟೀಕಿಸುವವರಿಗೆ ಬರವಿರಲಿಲ್ಲ.

ದಿವಾನಗಿರಿ ಬಿಟ್ಟು ಐದು ವರ್ಷ ಕಳೆದಿದ್ದ ವಿಶ್ವೇಶ್ವರಯ್ಯನವರು ಮಹಾರಾಜರ ಕೋರಿಕೆಯಂತೆ ಆ ಕಾರ್ಖಾನೆಯ ಮಂಡಳಿಯ ಅಧ್ಯಕ್ಷತೆ ವಹಿಸಿಕೊಂಡರು. ಖರ್ಚನ್ನು ಬಿಗಿಹಿಡಿದರು, ವಿದೇಶಿ ತಜ್ಞರ ಜಾಗಕ್ಕೆ ನಮ್ಮವರನ್ನು ತಯಾರು ಮಾಡಿದರು. ತಮಗೆ ಸಲ್ಲಬೇಕಾದ ಸಂಭಾವನೆಯನ್ನು ಬೆಂಗಳೂರಿನ ವೃತ್ತಿಶಿಕ್ಷಣ ಸಂಸ್ಥೆಯ ಸ್ಥಾಪನೆಗೆ ಬಿಟ್ಟುಕೊಟ್ಟರು. 1955ರಲ್ಲಿ ಭಾರತರತ್ನ ಪುರಸ್ಕೃತರಾದ ಅವರು 1962ರ ಏಪ್ರಿಲ್‌ನಲ್ಲಿ ತಮ್ಮ ನೂರೊಂದನೆಯ ವರ್ಷದಲ್ಲಿ ಅಸ್ತಂಗತರಾದರು.

ಕಚ್ಚಾ ಸರಕನ್ನು ಮಾರಿದವನಿಗೆ ಕೂಲಿಯಷ್ಟೇ ಉಳಿಯುತ್ತದೆ, ಸಾರ ಇಳಿಸಿದವನಿಗೆ ಬಾಳು ದೊರೆಯುತ್ತದೆ ಎಂಬುದನ್ನು ಅವರು ತಮ್ಮ ಕಾರ್ಯದಿಂದ ತೋರಿಸಿಕೊಟ್ಟರು. ಗಂಧದಲ್ಲಿ ಅದು ಬೇಗ ಫಲಿಸಿತು, ಭದ್ರಾವತಿಯಲ್ಲಿ ಬಹುಕಾಲ ಕಾಯಬೇಕಾಯಿತು. ಎರಡರಲ್ಲಿಯೂ ಅವರ ಶ್ರದ್ಧೆ ಒಂದೇ ಆಗಿತ್ತು. ಅವರು ಕಾಪಾಡಿದ ನಗರದಲ್ಲಿ ಬದುಕು ಕಟ್ಟಿಕೊಂಡಿರುವ ನಾವು ನಮ್ಮ ಮಕ್ಕಳಿಗೆ ಅಣೆಕಟ್ಟುಗಳ ಜೊತೆಗೆ ಈ ಕಥೆಯನ್ನೂ ಹೇಳೋಣ. ಆ ಧೀಮಂತ ಚೇತನಕ್ಕೆ ನಮ್ಮೆಲ್ಲರ ನಮನಗಳು.