ಮಹನೀಯ ವಿಲಿಯಂ ಕೇರಿಯವರು

ಒಂದೇ ವಿದ್ಯೆಯನ್ನು ಹಿಡಿದು ಅದರಲ್ಲಿ ಪಾರಂಗತರಾದವರು ಲೋಕದಲ್ಲಿ ಅನೇಕರುಂಟು. ಹಲವು ವಿದ್ಯೆಗಳಿಗೆ ಕೈಹಾಕಿ ಒಂದನ್ನೂ ಪೂರೈಸದವರು ಅವರಿಗಿಂತಲೂ ಹೆಚ್ಚು. ಭಾಷೆ, ಗ್ರಂಥ, ಸಸ್ಯಶಾಸ್ತ್ರ, ಬೇಸಾಯ, ಮುದ್ರಣ, ವ್ಯವಹಾರ, ಬೋಧನೆ ಇವೆಲ್ಲವುಗಳಲ್ಲಿಯೂ ಆಸಕ್ತಿಯನ್ನಿಟ್ಟು, ಹಿಡಿದ ಕೆಲಸವನ್ನು ಕೊನೆಮುಟ್ಟಿಸಿದವರು ವಿರಳ. ಅಂಥವರಲ್ಲಿ ವಿಲಿಯಂ ಕೇರಿಯವರು ಒಬ್ಬರು.

ಇವರು ಇಂಗ್ಲೆಂಡು ದೇಶದ ನಾರ್ಥಾಂಪ್ಟನ್ ಸೀಮೆಗೆ ಸೇರಿದ ಪಾಲರ್ಸ್‌ಪುರಿ ಎಂಬ ಹಳ್ಳಿಯಲ್ಲಿ 1761ನೆಯ ಇಸವಿ ಆಗಸ್ಟ್ 17ರಂದು ಜನಿಸಿದರು. ತಂದೆಯು ಮೊದಲು ನೇಯ್ಗೆಯವನಾಗಿದ್ದು, ಬಳಿಕ ಹಳ್ಳಿಯ ಶಾಲೆಗೆ ಉಪಾಧ್ಯಾಯನಾದನು. ತೋಟಗಾರನಾಗಿದ್ದ ಚಿಕ್ಕಪ್ಪನಿಂದ ಬಾಲಕನಿಗೆ ಗಿಡಮರಗಳ ಪ್ರೀತಿಯು ಹತ್ತಿತು. ಬಿಸಿಲಿನಲ್ಲಿ ದುಡಿಯಲು ಚರ್ಮವ್ಯಾಧಿಯು ಅಡ್ಡಿಯಾದುದರಿಂದ ತಂದೆಯು ಅವನನ್ನು ಜೋಡು ಹೊಲಿಯುವವನ ಬಳಿಯಲ್ಲಿ ಕೆಲಸಕ್ಕೆ ಬಿಟ್ಟನು. ಅಂಗಡಿಯಲ್ಲಿದ್ದ ಒಂದು ವ್ಯಾಖ್ಯಾನ ಗ್ರಂಥದಲ್ಲಿ ಗ್ರೀಕ್ ಪದಗಳನ್ನು ಕಂಡು, ಅವುಗಳ ಅರ್ಥವನ್ನು ತಿಳಿದವರಲ್ಲಿ ಕೇಳಿ ಕಲಿತನು. ಮುಂದೆ ಹಲವು ಭಾಷೆಗಳ ಪಂಡಿತನೆನಿಸಿಕೊಂಡವನ ವಿದ್ಯಾರಂಭವು ಹೀಗೆ ಚಕ್ಕಳ ಉಳಿಗಳ ಮಧ್ಯದಲ್ಲಿ ಆಯಿತು.

ಕೇರಿಯವರು 1781ರಲ್ಲಿ ಡಾರತಿ ಪ್ಲಾಕೆಟ್ ಎಂಬಾಕೆಯನ್ನು ವಿವಾಹವಾದರು. ಆ ಕಾಲದ ಅನೇಕ ಬಡ ಹೆಣ್ಣುಮಕ್ಕಳಂತೆ ಆಕೆಗೂ ಓದುಬರಹವಿರಲಿಲ್ಲ. ವಿವಾಹದ ದಾಖಲೆಯಲ್ಲಿ ಹೆಸರಿಗೆ ಬದಲಾಗಿ ಒಂದು ಗುರುತನ್ನು ಮಾತ್ರ ಹಾಕಿದಳು. ಕೇರಿಯವರು ಜೋಡುಗಳನ್ನು ಹೊಲಿಯುತ್ತಲೇ ಹಳ್ಳಿಯ ಮಕ್ಕಳಿಗೆ ಪಾಠ ಹೇಳುತ್ತ, ಸಭೆಯಲ್ಲಿ ಬೋಧಿಸುತ್ತ ಇದ್ದರು. ದೂರದೇಶಗಳಿಗೆ ಸುವಾರ್ತೆಯನ್ನು ಸಾರುವುದು ಕ್ರೈಸ್ತರ ಕರ್ತವ್ಯವೆಂದು ವಾದಿಸಿ 1792ರಲ್ಲಿ ಒಂದು ಪುಸ್ತಕವನ್ನು ಪ್ರಕಟಿಸಿದರು. ಅದೇ ವರ್ಷ ಬ್ಯಾಪ್ಟಿಸ್ಟ್ ಮಿಶನ್ ಸಂಘವು ಸ್ಥಾಪಿತವಾಯಿತು. 1793ರಲ್ಲಿ ಅವರು ಕುಟುಂಬಸಮೇತರಾಗಿ ಹಡಗನ್ನೇರಿ ನವಂಬರದಲ್ಲಿ ಕಲ್ಕತ್ತೆಯನ್ನು ಸೇರಿದರು. ಡಾರತಿಯು ಮೊದಲು ಒಪ್ಪಿರಲಿಲ್ಲ; ತಂಗಿಯು ಜೊತೆಗೆ ಬರುವುದಾದ ಮೇಲೆಯೇ ಹೊರಟಳು.

ಕೈಯಲ್ಲಿದ್ದ ಹಣವು ಬೇಗನೆ ಕರಗಿಹೋಯಿತು. 1794ರಲ್ಲಿ ಉತ್ತರ ಬಂಗಾಳದ ಮುದ್ನಾಬಟ್ಟಿ ಎಂಬಲ್ಲಿ ನೀಲಿಯ ಕಾರ್ಖಾನೆಯ ಮೇಲ್ವಿಚಾರಣೆಯು ದೊರೆಯಿತು. ಅದೇ ವರ್ಷ ಐದು ವರ್ಷದ ಮಗ ಪೀಟರನು ಆಮಶಂಕೆಯಿಂದ ತೀರಿಕೊಂಡನು. ಆ ದುಃಖದ ತರುವಾಯ ತಾಯಿಯ ಚಿತ್ತವು ಕದಡಿತು. 1807ರಲ್ಲಿ ಮರಣ ಹೊಂದುವವರೆಗೂ ಅದು ತಿಳಿಯಾಗಲಿಲ್ಲ. ಪಕ್ಕದ ಕೋಣೆಯಲ್ಲಿ ಪತ್ನಿಯು ನರಳುತ್ತಿರಲು ಕೇರಿಯವರು ಬಂಗಾಳಿ ಸಂಸ್ಕೃತಗಳ ಅಭ್ಯಾಸವನ್ನೂ ಭಾಷಾಂತರವನ್ನೂ ಬಿಡದೆ ನಡೆಯಿಸಿದರು. ಇದನ್ನು ಓದುವವರು ಅವರ ದೃಢತೆಗೆ ಬೆರಗಾಗುವರು. ಆದರೆ ಆ ದೃಢತೆಗೆ ಬೆಲೆಯನ್ನು ತೆತ್ತವರು ಕೇರಿಯವರೊಬ್ಬರೇ ಅಲ್ಲವೆಂಬುದನ್ನೂ ಮರೆಯಲಾಗದು.

ಈಸ್ಟ್ ಇಂಡಿಯಾ ಕಂಪೆನಿಯವರು ತಮ್ಮ ಸೀಮೆಯಲ್ಲಿ ಮಿಶನರಿಗಳಿಗೆ ಎಡೆಗೊಡುತ್ತಿರಲಿಲ್ಲ. ಆದುದರಿಂದ ಕೇರಿಯವರು 1800ರಲ್ಲಿ ಡೇನರ ಅಧೀನದಲ್ಲಿದ್ದ ಶ್ರೀರಾಮಪುರಕ್ಕೆ ಬಂದು, ಉಪಾಧ್ಯಾಯರಾದ ಮಾರ್ಷ್‌ಮನ್ನರನ್ನೂ ಮುದ್ರಣಗಾರರಾದ ವಾರ್ಡರನ್ನೂ ಕೂಡಿಕೊಂಡರು. ಮಾರ್ಷ್‌ಮನ್ನರ ಪತ್ನಿ ಹನ್ನಾರವರು ಅದೇ ವರ್ಷ ವಸತಿಶಾಲೆಗಳನ್ನು ತೆರೆದರು. ಅವುಗಳ ಆದಾಯದಿಂದಲೂ ಮಿಶನ್ನು ನಡೆಯಿತು. ಪಂಚಾನನ ಕರ್ಮಕಾರರೆಂಬ ನಿಪುಣ ಶಿಲ್ಪಿಯೂ ಅವರ ಅಳಿಯ ಮನೋಹರರೂ ದೇಶಭಾಷೆಗಳ ಅಚ್ಚುಮೊಳೆಗಳನ್ನು ಎರಕ ಹೊಯ್ದರು. 1801ರಲ್ಲಿ ಬಂಗಾಳಿ ಹೊಸ ಒಡಂಬಡಿಕೆಯು ಹೊರಬಂದಿತು. ಅದೇ ವರ್ಷ ಕೇರಿಯವರು ಕಲ್ಕತ್ತೆಯ ಫೋರ್ಟ್ ವಿಲಿಯಂ ಕಾಲೇಜಿನಲ್ಲಿ ಬಂಗಾಳಿಯ ಅಧ್ಯಾಪಕರಾಗಿ ನೇಮಕಗೊಂಡು, ತಮ್ಮ ಸಂಬಳದ ಬಹುಭಾಗವನ್ನು ಮಿಶನ್ನಿಗೇ ಒಪ್ಪಿಸಿದರು.

1812ನೆಯ ಇಸವಿ ಮಾರ್ಚ್ 11ರ ಸಂಜೆ ಅಚ್ಚುಕೂಟಕ್ಕೆ ಬೆಂಕಿ ಬಿದ್ದಿತು. ಕಾಗದದ ರಾಶಿಗಳು, ಹಲವು ಭಾಷೆಗಳ ಮೊಳೆಗಳು, ವರ್ಷಗಟ್ಟಲೆ ದುಡಿದು ಬರೆದ ಹಸ್ತಪ್ರತಿಗಳು ಬೂದಿಯಾದುವು. ನಮ್ಮ ಕನ್ನಡದ ಹೊಸ ಒಡಂಬಡಿಕೆಯ ಭಾಷಾಂತರವೂ ಅವುಗಳಲ್ಲಿ ಸೇರಿದ್ದಿತು. ಆಗ ಕೇರಿಯವರು ಕಲ್ಕತ್ತೆಯಲ್ಲಿದ್ದರು. ಮರುದಿನ ಮಾರ್ಷ್‌ಮನ್ನರು ಹೋಗಿ ಸುದ್ದಿಯನ್ನು ತಿಳಿಸಿದರು. ಐವತ್ತು ವರ್ಷ ದಾಟಿದ ಮನುಷ್ಯನು ಅಳಿದುದನ್ನೆಲ್ಲ ಮೊದಲಿನಿಂದ ಬರೆಯಬೇಕಾಯಿತು. ಬೂದಿಯೊಳಗೆ ಮೊಳೆಗಳ ಉಕ್ಕಿನ ಪಡಿಯಚ್ಚುಗಳು ಉಳಿದಿದ್ದುವು. ಕರಗಿದ ಸೀಸವನ್ನು ಕೂಡಿಸಿ ಹೊಸ ಮೊಳೆಗಳನ್ನು ಹೊಯ್ದರು. ಕೆಲವೇ ವಾರಗಳಲ್ಲಿ ಅಚ್ಚಿನ ಕೆಲಸವು ಪುನಃ ಪ್ರಾರಂಭವಾಯಿತು. ಐದು ವರ್ಷಗಳಾದ ಮೇಲೆ, 1817ರಲ್ಲಿ, ಕೇರಿಯವರು ರಚಿಸಿದ ಕನ್ನಡ ವ್ಯಾಕರಣವು ಅದೇ ಶ್ರೀರಾಮಪುರದಿಂದ ಹೊರಬಂದಿತು.

ಮುಂದಿನ ಕೆಲಸಗಳನ್ನು ಎಣಿಸಿದರೆ ಆಶ್ಚರ್ಯವಾಗುವುದು. 1818ರಲ್ಲಿ ಮಿಶನ್ನಿನವರು ಬಂಗಾಳಿ ವೃತ್ತಪತ್ರಿಕೆಯನ್ನು ಹೊರಡಿಸಿದರು. ಅದೇ ವರ್ಷ ಶ್ರೀರಾಮಪುರದ ಕಾಲೇಜು ಹುಟ್ಟಿತು. 1820ರಲ್ಲಿ ಇಂಗ್ಲೆಂಡಿನಿಂದ ಬಂದ ಉಗಿಯಂತ್ರದಿಂದ ಕಾಗದದ ಕಾರ್ಖಾನೆಯನ್ನು ನಡೆಯಿಸಿದರು. ಆ ವರ್ಷವೇ ಕೇರಿಯವರು ಕೃಷಿ ಮತ್ತು ತೋಟಗಾರಿಕೆಯ ಸಂಘವನ್ನು ಸ್ಥಾಪಿಸಿದರು. ರಾಕ್ಸ್‌ಬರೋ ಎಂಬ ಸಸ್ಯಶಾಸ್ತ್ರಜ್ಞರ ಗ್ರಂಥಗಳನ್ನು ಅವರ ಮರಣಾನಂತರವೂ ಅಚ್ಚು ಹಾಕಿಸಿದರು. ಆ ಪಂಡಿತರು ಒಂದು ಕುಲದ ಮರಗಿಡಗಳಿಗೆ ಕೇರಿಯವರ ಹೆಸರನ್ನಿಟ್ಟಿದ್ದರು. ನಮ್ಮ ಮಲೆನಾಡಿನ ಕವಲುಮರವು ಆ ಕುಲಕ್ಕೆ ಸೇರಿದುದೇ. 1823ರ ನೆರೆಯಲ್ಲಿ ತಮ್ಮ ತೋಟವು ಹಾಳಾದಾಗಲೂ ಕೇರಿಯವರು ಮತ್ತೆ ಸಸಿಗಳನ್ನು ನೆಟ್ಟರು.

1799ರಲ್ಲಿ ಕೇರಿಯವರು ಒಬ್ಬ ವಿಧವೆಯು ಪತಿಯ ಚಿತೆಯಲ್ಲಿ ದಹಿಸಲ್ಪಟ್ಟುದನ್ನು ಕಣ್ಣಾರೆ ಕಂಡು, ಎಷ್ಟು ಬೇಡಿಕೊಂಡರೂ ತಡೆಯಲಾರದೆ ಹೋಗಿದ್ದರು. ಅಂದಿನಿಂದ ಅದನ್ನು ನಿಲ್ಲಿಸಬೇಕೆಂದು ಅಧಿಕಾರಿಗಳಿಗೆ ಹೇಳುತ್ತಲೇ ಬಂದರು. ರಾಜಾ ರಾಮಮೋಹನ ರಾಯರೂ ಅದಕ್ಕಾಗಿ ಹೋರಾಡಿದರು. 1829ರ ಡಿಸೆಂಬರದಲ್ಲಿ ಬೆಂಟಿಂಕ್ ಪ್ರಭುಗಳು ಸಹಗಮನವನ್ನು ನಿಷೇಧಿಸಿದ ಶಾಸನವು ಬಂಗಾಳಿಗೆ ಭಾಷಾಂತರಿಸುವುದಕ್ಕಾಗಿ ಕೇರಿಯವರ ಕೈಗೆ ಬಂದ ದಿನವು ಭಾನುವಾರ. ತಡಮಾಡಿದರೆ ಇನ್ನೊಬ್ಬ ವಿಧವೆಯ ಪ್ರಾಣವು ಹೋದೀತೆಂದು, ಅಂದಿನ ಪ್ರಸಂಗವನ್ನು ಬೇರೊಬ್ಬರಿಗೆ ಒಪ್ಪಿಸಿ, ಪಂಡಿತರೊಡನೆ ಕುಳಿತು ಸಂಜೆಯೊಳಗೆ ಕೆಲಸವನ್ನು ಮುಗಿಸಿದರು. ಅವರು ಕಲಿತ ಭಾಷೆಯು ಆ ದಿನ ಕೊಟ್ಟ ಫಲಕ್ಕಿಂತ ಮಿಗಿಲಾದ ಫಲವಿಲ್ಲ.

1834ನೆಯ ಇಸವಿ ಜೂನ್ 9ರಂದು ಕೇರಿಯವರು ಶ್ರೀರಾಮಪುರದಲ್ಲಿ ನಿದ್ರೆಹೋದರು. ಇಂಗ್ಲೆಂಡನ್ನು ಬಿಟ್ಟ ಮೇಲೆ ಅವರು ಒಮ್ಮೆಯೂ ಅಲ್ಲಿಗೆ ಹಿಂದಿರುಗಿರಲಿಲ್ಲ. ಅವರ ಭಾಷಾಂತರಗಳಲ್ಲಿ ಹಲವು ಅವಸರದವಾಗಿದ್ದುದರಿಂದ ಹಿಂದೆ ಬಂದವರು ಅವನ್ನು ಪುನಃ ರಚಿಸಬೇಕಾಯಿತು. ಆದರೂ ಆ ದಾರಿಯನ್ನು ಕಡಿದವರು ಇವರೇ.

ಪ್ರಿಯ ವಿದ್ಯಾರ್ಥಿನಿಯರೇ, ನಿಮ್ಮಲ್ಲಿ ಒಬ್ಬಳಿಗೆ ಕಥೆಗಳು ಇಷ್ಟ, ಇನ್ನೊಬ್ಬಳಿಗೆ ಲೆಕ್ಕ, ಮತ್ತೊಬ್ಬಳಿಗೆ ಹೂದೋಟ. ಇವುಗಳಲ್ಲಿ ಯಾವುದೂ ವ್ಯರ್ಥವಲ್ಲ. ದಿನದಿನದ ತಾಳ್ಮೆಯೆಂಬ ಒಂದು ಬೇರಿದ್ದರೆ ಕೊಂಬೆಗಳು ಎಷ್ಟಿದ್ದರೂ ಮರವು ನಿಲ್ಲುವುದು. ಸುಟ್ಟುಹೋದುದನ್ನು ಮತ್ತೆ ಬರೆಯುವುದನ್ನು ಕೇರಿಯವರಿಂದ ಕಲಿಯಿರಿ. ಡಾರತಿಯನ್ನೂ ಮರೆಯದಿರಿ. ಹೆಸರು ಬರೆಯಲಾರದೆ ಗುರುತು ಹಾಕಿದ ಆ ಕೈಯನ್ನು ನೆನೆದು, ನಿಮಗೆ ದೊರೆತ ಅಕ್ಷರವನ್ನು ನಿಮ್ಮ ಮನೆಯಲ್ಲಿ ಓದಲಾರದವಳೊಬ್ಬಳಿಗೆ ಮೊದಲು ಹಂಚಿರಿ. ದೇವರು ನಿಮ್ಮ ಪ್ರಯತ್ನವನ್ನು ಆಶೀರ್ವದಿಸಲಿ.