ಪದಕ್ಕೆ ಮೈ ಕೊಟ್ಟ ಶಿಕ್ಷಕಿ: ಅಗ್ರಿಪ್ಪಿನಾ ವಾಗನೋವಾ

ಪಾರಿಭಾಷಿಕ ಪದವನ್ನು ಮಕ್ಕಳು ಬಾಯಿಪಾಠ ಮಾಡುತ್ತಾರೆ, ಅರ್ಥ ಅಲ್ಲೇ ಉಳಿದುಬಿಡುತ್ತದೆ. ಅಭ್ಯಾಸ ಬೋಧನೆಗೆ ಹೋದ ನಮಗೆಲ್ಲ ಇದು ಗೊತ್ತು. ಬೇರೆ ಭಾಷೆಯ ಪದಗಳನ್ನೇ ಬಳಸಿ, ಮಕ್ಕಳ ಮೈಗೆ ಅರ್ಥವಾಗುವಂತೆ ಮೂವತ್ತು ವರ್ಷ ಕಲಿಸಿದ ರಷ್ಯದ ಬ್ಯಾಲೆ ಶಿಕ್ಷಕಿ ವಾಗನೋವಾ ಅವರ ಬದುಕನ್ನು ಅದಕ್ಕಾಗಿಯೇ ಆರಿಸಿಕೊಂಡೆ.

ಅವರು ಹುಟ್ಟಿದ್ದು 1879ರಲ್ಲಿ, ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ. ತಂದೆ ಮಾರಿನ್ಸ್ಕಿ ರಂಗಮಂದಿರದಲ್ಲಿ ಸಣ್ಣ ನೌಕರ. ಅರಮನೆಯ ಆಶ್ರಯದ ನೃತ್ಯಶಾಲೆಯಲ್ಲಿ ಕಲಿತು 1897ರಲ್ಲಿ ತಂಡ ಸೇರಿದರು. ಮೈಕಟ್ಟು, ರೂಪ ಎರಡೂ ಅವರಿಗೆ ಅನುಕೂಲವಾಗಿರಲಿಲ್ಲ. ಪ್ರಧಾನ ನರ್ತಕಿಯ ಪದವಿ ಸಿಕ್ಕಿದ್ದು 1915ರಲ್ಲಿ, ಮರುವರ್ಷವೇ ನಿವೃತ್ತಿ. ಆ ಹದಿನೆಂಟು ವರ್ಷ ಒಂದೊಂದು ಚಲನೆಯೂ ಯಾವ ಸ್ನಾಯುವಿನಿಂದ, ಹೇಗೆ ಹುಟ್ಟುತ್ತದೆಂದು ಅವರು ತಾವೇ ಹುಡುಕಿಕೊಳ್ಳಬೇಕಾಯಿತು. ಮುಂದೆ ಅದೇ ಅವರ ಪಾಠವಾಯಿತು.

ಕ್ರಾಂತಿಯ ನಂತರ ಅರಮನೆಯ ಕಲೆ ಇನ್ನೇಕೆ ಎಂಬ ಪ್ರಶ್ನೆ ಎದ್ದ ಕಾಲದಲ್ಲೇ, 1921ರಲ್ಲಿ, ಅವರು ತಾವು ಓದಿದ ಶಾಲೆಗೆ ಶಿಕ್ಷಕಿಯಾಗಿ ಬಂದರು. 1934ರಲ್ಲಿ ಶಾಸ್ತ್ರೀಯ ನೃತ್ಯದ ಮೂಲತತ್ತ್ವಗಳ ಕುರಿತು ಪುಸ್ತಕ ಬರೆದರು. ಅದರಲ್ಲಿ ಫ್ರೆಂಚ್ ಪದಗಳನ್ನು ಹಾಗೆಯೇ ಉಳಿಸಿಕೊಂಡರು. ವೈದ್ಯರಿಗೆ ಲ್ಯಾಟಿನ್ ಇದ್ದಂತೆ ನರ್ತಕರಿಗೆ ಇದು ಎಲ್ಲ ದೇಶಗಳಿಗೂ ಸಲ್ಲುವ ಭಾಷೆ ಎಂಬುದು ಅವರ ನಿಲುವು. ಹದಿನಾಲ್ಕನೆಯ ಲೂಯಿ 1661ರಲ್ಲಿ ಪ್ಯಾರಿಸ್ಸಿನಲ್ಲಿ ನೃತ್ಯ ಅಕಾಡೆಮಿ ಸ್ಥಾಪಿಸಿದ್ದ. ಪಾದಗಳ ಐದು ಸ್ಥಾನಗಳನ್ನು ಕ್ರಮಗೊಳಿಸಿದ ಕೀರ್ತಿ ಅವನ ನೃತ್ಯಗುರು ಪಿಯೆರ್ ಬೊಷಾಂಗೆ ಸಲ್ಲುತ್ತದೆ. ಪದಗಳು ಫ್ರೆಂಚ್ ಆದದ್ದು ಹೀಗೆ.

ಐದೂ ಸ್ಥಾನಗಳಲ್ಲಿ ಪಾದದ ತುದಿ ಹೊರಕ್ಕೆ ತಿರುಗಿರುತ್ತದೆ. ಒಂದನೆಯದರಲ್ಲಿ ಹಿಮ್ಮಡಿಗಳು ಕೂಡಿರುತ್ತವೆ. ಎರಡನೆಯದರಲ್ಲಿ ಅವುಗಳ ನಡುವೆ ಸುಮಾರು ಒಂದು ಪಾದದಷ್ಟು ಅಂತರ. ಮೂರನೆಯದರಲ್ಲಿ ಒಂದರ ಹಿಮ್ಮಡಿ ಇನ್ನೊಂದರ ನಡುವಿಗೆ ತಾಗುತ್ತದೆ. ನಾಲ್ಕನೆಯದರಲ್ಲಿ ಒಂದು ಪಾದ ಅಂತರ ಬಿಟ್ಟು ಮುಂದಿರುತ್ತದೆ. ಐದನೆಯದರಲ್ಲಿ ಒಂದರ ಹಿಮ್ಮಡಿಗೆ ಇನ್ನೊಂದರ ಬೆರಳು ತಾಗುವಂತೆ ಎರಡೂ ಒತ್ತಿಕೊಳ್ಳುತ್ತವೆ. ಈ ತಿರುವು ಹುಟ್ಟಬೇಕಾದದ್ದು ಸೊಂಟದ ಕೀಲಿನಲ್ಲಿ. ಪಾದವನ್ನಷ್ಟೇ ತಿರುಚಿದರೆ ಮೊಣಕಾಲಿಗೆ ಪೆಟ್ಟು.

ಪದಗಳೂ ಸರಳ. ಪ್ಲಿಯೆ ಎಂದರೆ ಬಾಗಿದ್ದು, ತಾಂದ್ಯು ಚಾಚಿದ್ದು, ರೆಲೆವೆ ಮೇಲೆತ್ತಿದ್ದು, ಜೆತೆ ಎಸೆದದ್ದು, ಫೊಂದ್ಯು ಕರಗಿದ್ದು. ಫೊಂದ್ಯುವಿನಲ್ಲಿ ಮಂಡಿ ಕರಗಿದಂತೆ ನಿಧಾನವಾಗಿ ಬಾಗಬೇಕೆಂಬುದನ್ನು ಪದವೇ ಹೇಳಿಬಿಡುತ್ತದೆ. ಜಿಗಿದು ಇಳಿಯುವಾಗ ಪ್ಲಿಯೆ ಮಾಡಿದರೆ ದೇಹ ನಿಲ್ಲಲು ಹೆಚ್ಚು ಸಮಯ ಸಿಗುತ್ತದೆ, ಕಾಲಿನ ಮೇಲಿನ ಬಲ ತಗ್ಗುತ್ತದೆ. ಒಂಬತ್ತನೇ ತರಗತಿಯಲ್ಲಿ ಸಂವೇಗ ಕಲಿಸುವಾಗ, ಚೆಂಡು ಹಿಡಿಯುವವನು ಕೈಯನ್ನು ಹಿಂದಕ್ಕೆ ಎಳೆದುಕೊಳ್ಳುವ ಉದಾಹರಣೆ ಕೊಡುತ್ತೇವಲ್ಲ, ಅದೇ ಇದು.

ವಾಗನೋವಾ ಚಲನೆಯ ಜೊತೆಗೆ ಕಾರಣವನ್ನೂ ಕಲಿಸಿದರು. ಮರೀನಾ ಸೆಮ್ಯೋನೋವಾ, ಗಲೀನಾ ಉಲಾನೋವಾ ಅವರ ಶಿಷ್ಯೆಯರು. ಅವರು 1951ರಲ್ಲಿ ತೀರಿಕೊಂಡರು; 1957ರಲ್ಲಿ ಆ ಶಾಲೆಗೆ ಅವರ ಹೆಸರನ್ನೇ ಇಟ್ಟರು. ತಮಗೆ ಸುಲಭವಾಗಿ ಒಲಿಯದ ವಿದ್ಯೆಯನ್ನು ಬಿಡಿಸಿ ನೋಡಿದ್ದರಿಂದಲೇ ಅವರು ಅದನ್ನು ಇತರರಿಗೆ ಬಿಡಿಸಿ ಹೇಳಬಲ್ಲವರಾದರು ಎಂದು ನನಗನ್ನಿಸುತ್ತದೆ. ಓದಿನಲ್ಲಿ ತಡವರಿಸಿ ಮೇಲೆ ಬಂದ ನಮ್ಮಂಥವರಿಗೆ ಇದು ಧೈರ್ಯದ ಮಾತು.

ಮುಂದಿನ ಪಾಠಯೋಜನೆಯಲ್ಲಿ ವಕ್ರೀಭವನ ಎಂದು ಹಲಗೆಯ ಮೇಲೆ ಬರೆಯುವ ಮೊದಲು, ನೀರಿನ ಲೋಟದಲ್ಲಿ ಪೆನ್ಸಿಲ್ ಇಡಬೇಕೆಂದಿದ್ದೇನೆ. ಪೆನ್ಸಿಲ್ ಬಾಗಿದಂತಿದೆ ಎಂದು ಮಕ್ಕಳೇ ಹೇಳಲಿ. ಪದ ಆಮೇಲೆ ಬರಲಿ.