ಚದುರಂಗದ ಧುರಂಧರ ಪಾಲ್ ಮಾರ್ಫಿ

ಚದುರಂಗವು ನಮ್ಮ ದೇಶದಿಂದ ಹೊರಟು ಪಡುವಣ ನಾಡುಗಳನ್ನು ಸೇರಿದ ಆಟ. ಅದರ ಮೊದಲ ನಡೆಗಳ ಮರ್ಮವನ್ನು ಅಲ್ಲಿ ಆಡಿ ತೋರಿಸಿದವರಲ್ಲಿ ಅಮೆರಿಕದ ಪಾಲ್ ಮಾರ್ಫಿಯೇ ಅಗ್ರಗಣ್ಯನೆಂದು ನನ್ನ ಮತ.

ಈತನು 1837ನೆಯ ಇಸವಿ ಜೂನ್ 22ರಂದು ನ್ಯೂ ಆರ್ಲಿಯನ್ಸ್ ನಗರದಲ್ಲಿ ಜನಿಸಿದನು. ತಂದೆ ಲೂಸಿಯಾನ ಸಂಸ್ಥಾನದ ಶ್ರೇಷ್ಠ ನ್ಯಾಯಾಲಯದಲ್ಲಿ ನ್ಯಾಯಾಧೀಶನಾಗಿದ್ದನು. ಹಿರಿಯರು ಆಡುವುದನ್ನು ನೋಡಿಯೇ ಬಾಲಕನು ಆಟ ಕಲಿತನಂತೆ. 1857ರಲ್ಲಿ ಕಾನೂನಿನ ಪದವಿ ಕೈಸೇರಿತು. ಆದರೆ ವಕೀಲಿ ಮಾಡಲು ವಯಸ್ಸು ಸಾಲದು! ಆ ಬಿಡುವಿನಲ್ಲಿ ನ್ಯೂಯಾರ್ಕಿನ ಪಂದ್ಯಾವಳಿಯನ್ನು ಗೆದ್ದು, ಮರುವರ್ಷ ಯೂರೋಪಿನ ಹಡಗು ಹತ್ತಿದನು.

1858ರಲ್ಲಿ ಪ್ಯಾರಿಸ್ಸಿನ ಗೀತನಾಟಕ ಮಂದಿರದಲ್ಲಿ ಬ್ರನ್ಸ್‌ವಿಕ್‌ನ ಡ್ಯೂಕನೂ ಒಬ್ಬ ಕೌಂಟನೂ ಜೊತೆಗೂಡಿ ಮಾರ್ಫಿಯ ಎದುರು ಕುಳಿತರು. ವೇದಿಕೆಯ ಮೇಲೆ ಸಂಗೀತ, ಇವರ ಮುಂದೆ ಹಲಗೆ. ನಾನು ಈ ಆಟವನ್ನು ಅನೇಕ ಸಲ ಹೂಡಿ ನೋಡಿದ್ದೇನೆ. ಶ್ರೀಮಂತರು ಮೂರನೆಯ ನಡೆಗೇ ಒಂಟೆಯನ್ನು ದೂರಕ್ಕೆ ನಡೆಸಿ ಮಾರ್ಫಿಯ ಕುದುರೆಯನ್ನು ಕೆಣಕಿದರು. ಮುಂದಿನ ನಡೆಯಲ್ಲೇ ಆ ಒಂಟೆಯನ್ನು ಕುದುರೆಗಾಗಿ ತೆರಬೇಕಾಯಿತು. ಅದನ್ನು ಹೊಡೆಯುವ ನೆಪದಲ್ಲಿ ಮಾರ್ಫಿಯ ಮಂತ್ರಿಯು ಪುಕ್ಕಟೆಯಾಗಿ ಹೊರಬಂದಿತು. ಏಳನೆಯ ನಡೆಯಲ್ಲಿ ಅವರು ತಮ್ಮ ಮಂತ್ರಿಯನ್ನು ರಾಜನ ಮುಂದೆ ನಿಲ್ಲಿಸಿ ತಮ್ಮದೇ ಇನ್ನೊಂದು ಒಂಟೆಯ ದಾರಿಗೆ ಅಡ್ಡವಾದರು. ಆಗ ಒಂದು ಕಾಲಾಳು ಮಾರ್ಫಿಯ ಕೈಗೆ ಸುಲಭವಾಗಿ ಸಿಕ್ಕುತ್ತಿತ್ತು. ಆತನು ಅದನ್ನು ಮುಟ್ಟಲಿಲ್ಲ; ಕುದುರೆಯನ್ನು ಹೊರತಂದನು. ನಮ್ಮ ಹಾಸ್ಟೆಲಿನ ಆಟಗಾರರಲ್ಲಿ ಎಷ್ಟು ಮಂದಿ ಆ ಕಾಲಾಳನ್ನು ಬಿಟ್ಟಾರು?

ಮುಂದಿನ ನಡೆಗೆ ಒಂಟೆಯೂ ಹೊರಬಿತ್ತು. ಹತ್ತನೆಯದಕ್ಕೆ ಕುದುರೆಯನ್ನು ಬಲಿಗೊಟ್ಟು ಎದುರಾಳಿಯ ರಾಜನ ಬಾಗಿಲು ತೆರೆದನು. ಹನ್ನೆರಡನೆಯದರಲ್ಲಿ ಕೋಟೆ ಕಟ್ಟಿದನು: ತನ್ನ ರಾಜನು ಭದ್ರನಾದನು, ಆನೆಯೂ ಅದೇ ನಡೆಯಲ್ಲಿ ಯುದ್ಧಕ್ಕೆ ಬಂದಿತು. ಹದಿನಾರನೆಯದಕ್ಕೆ ಮಂತ್ರಿಯನ್ನೇ ತೆತ್ತು, ಹದಿನೇಳನೆಯದಕ್ಕೆ ಆನೆಯಿಂದ ರಾಜನನ್ನು ಕಟ್ಟಿಹಾಕಿದನು. ಕಾಲಾಳುಗಳಲ್ಲದೆ ಆತನಲ್ಲಿ ಉಳಿದದ್ದು ಒಂದು ಆನೆ, ಒಂದು ಒಂಟೆ. ಎದುರಾಳಿಗಳಿಗೆ ಮಂತ್ರಿಯೂ ಇತ್ತು. ಆದರೆ ರಾಜನ ಪಕ್ಕದ ಒಂಟೆ ಮತ್ತು ಆ ಮೂಲೆಯ ಆನೆ ಹುಟ್ಟಿದ ಮನೆಯನ್ನೇ ಬಿಟ್ಟಿರಲಿಲ್ಲ. ಮಂತ್ರಿಯ ಬಲಿಯನ್ನು ಎಲ್ಲರೂ ಹೊಗಳುತ್ತಾರೆ; ನನಗೆ ಎಂಟನೆಯ ನಡೆಯ ಕುದುರೆಯೇ ದೊಡ್ಡದು.

ಆ ವರ್ಷದ ಕೊನೆಗೆ ಜರ್ಮನಿಯ ಆಂಡರ್ಸನ್‌ನನ್ನೂ ಮಣಿಸಿದನು: ಗೆದ್ದದ್ದು 7, ಸೋತದ್ದು 2, ಸಮವಾದದ್ದು 2. ಇಂಗ್ಲೆಂಡಿನ ಸ್ಟಾಂಟನ್ ಮಹಾಶಯನು ಮಾತ್ರ ಷೇಕ್ಸ್‌ಪಿಯರನ ಕೃತಿಗಳ ಸಂಪಾದನೆಯನ್ನು ಮುಂದೊಡ್ಡಿ ಪಂದ್ಯದಿಂದ ಜಾರಿಕೊಂಡನು. ಸಾಹಿತ್ಯದ ಅಧ್ಯಾಪಕರು ಕ್ಷಮಿಸಬೇಕು, ನನಗೆ ಆ ನೆಪ ಹಿಡಿಸದು.

1859ರಲ್ಲಿ ತಾಯ್ನಾಡಿಗೆ ಮರಳಿದ ಮಾರ್ಫಿಯು ಬರಬರುತ್ತ ಆಟವನ್ನು ಬಿಟ್ಟನು. ಚದುರಂಗವು ವಿನೋದವೇ ಹೊರತು ವೃತ್ತಿಯಲ್ಲವೆಂಬುದು ಆತನ ಹಟ. ವಕೀಲನಾಗಿ ಹೆಸರು ಪಡೆಯಬೇಕೆಂದಿದ್ದನು. 1861ರಲ್ಲಿ ಅಂತರ್ಯುದ್ಧ ಹೊತ್ತಿಕೊಂಡಿತು. ಅದು ಮುಗಿದ ಮೇಲೂ ವಕೀಲಿ ಹತ್ತಲಿಲ್ಲ. ಕೊನೆಗಾಲದಲ್ಲಿ ಮನಸ್ಸಿನ ಸ್ವಾಸ್ಥ್ಯವೂ ಕೆಟ್ಟಿತು. 1884ರ ಜುಲೈ 10ರಂದು, ನ್ಯೂ ಆರ್ಲಿಯನ್ಸಿನ ತನ್ನ ಮನೆಯಲ್ಲಿ, 47ನೆಯ ವಯಸ್ಸಿನಲ್ಲಿ ತೀರಿಕೊಂಡನು.